ಮಾವನ ಗಾಡಿ

ಟೆಚಿಮಾನ್ ಊರಿನ ಸಂತೆಯ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ನಮ್ಮ ಬೀದಿಯ ಸೆರ್ವಾ ನಿಂತಿದ್ದಳು. ಮೈಮೇಲೆ ಇನ್ನೂ ಗಂಡ ಸತ್ತ ಸೂತಕದ ಕಪ್ಪು ಬಟ್ಟೆ. ಗಂಡನ ಸೋದರಳಿಯ ನ್ಯಾರ್ಕೊ ಕೈಯೆಲ್ಲ ಗ್ರೀಸ್ ಮಾಡಿಕೊಂಡು ಅವಳನ್ನು ಹುಡುಕುತ್ತ ಬಂದ.

“ಅತ್ತೆ, ಮಾವನ ಗಾಡಿ ಸ್ಟಾರ್ಟೇ ಆಗ್ತಿಲ್ಲ.”

“ಇಂಜಿನ್ ತಿರುಗುತ್ತಾ?”

“ಚೆನ್ನಾಗೇ ತಿರುಗುತ್ತೆ. ಕಿಡಿ ಬರ್ತಿಲ್ಲ. ಪ್ಲಗ್ಗೂ ಹೊಸದು ಹಾಕ್ದೆ, ಕಾಯಿಲೂ ಹೊಸದು ಹಾಕ್ದೆ.”

“ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನೋಡಿದ್ಯಾ?”

“ಈಗ ನೋಡ್ದೆ. ಒಳಗೆ ತಿರುಗಿ ಕಿಡಿ ಹಂಚೋ ರೋಟರೇ ಇಲ್ಲ. ನೀವೇ ತೆಗೆದ್ರಾ?”

“ಹೂಂ, ನಾನೇ.”

“ನಮ್ಮ ಪದ್ಧತಿ ಪ್ರಕಾರ ಮಾವನ ಆಸ್ತಿ ಸೋದರಳಿಯಂಗೆ ಅಂತ ಹಿರೀಕರು ಹೇಳಿದಾಗ ನೀವೂ ತಲೆ ಆಡಿಸಿದ್ರಿ.”

“ಈಗಲೂ ಆಡಿಸ್ತೀನಿ. ಬಾಡಿ ನಿಂದು, ಇಂಜಿನ್ ನಿಂದು, ಹೊಡ್ಕೊಳ್ಳೋಕೆ ಹಾರ್ನೂ ನಿಂದೇ.”

“ಮತ್ತೆ ರೋಟರ್?”

ಸೆರ್ವಾ ಬಟ್ಟೆಯ ತುದಿಯ ಗಂಟು ಬಿಚ್ಚಿ ಹೆಬ್ಬೆರಳಷ್ಟು ದೊಡ್ಡ ಸಾಮಾನೊಂದನ್ನು ತೋರಿಸಿದಳು.

“ಹಳೇದು ಸೀಳಿ ಹೋಗಿತ್ತು. ಇದನ್ನ ನಿನ್ನ ಮಾವನ್ನ ಮಣ್ಣು ಮಾಡಿದ ಮೇಲೆ ಟೊಮೇಟೊ ಮಾರಿ ತಂದೆ. ಸತ್ತೋರು ಬಿಟ್ಟು ಹೋಗಿದ್ದಲ್ಲ ಇದು.”

“ಅದಿಲ್ದೆ ಗಾಡಿ ಹೆಂಗೆ ತಗೊಂಡು ಹೋಗ್ಲಿ?”

“ತಳ್ಕೊಂಡು ಹೋಗು. ತೀರ್ಪು ಹೇಳಿದ ಹಿರೀಕರನ್ನೂ ಕರಿ, ಹಿಂದಿಂದ ಕೈ ಹಾಕ್ಲಿ.”

ಬಸ್ ಬಂತು. ಅವಳು ಗಂಟು ಬಿಗಿದುಕೊಂಡು ಹತ್ತಿದಳು.