ಅಳಿಯನ ಒಳಗೆ ಅಡಗಿದ್ದ ಹೆಸರು

ಕೊರಿಯಾದ ಆಂದೋಂಗ್ ಊರಿನ ವಂಶಾವಳಿ ಕಚೇರಿಯಲ್ಲಿ ಟೈಪು ಮಾಡುವ ಮಾಲ್‌ಸುನ್ ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದಳು. ಮುಂದೆ ಅಣ್ಣನ ಜೊತೆ ನಿಂತಿದ್ದ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡೇ ಕುಣಿದಳು.

"ಅಣ್ಣಾ, ಅಜ್ಜಿ ಹೆಸರು ಸಿಕ್ತು!"

"ಕಚೇರಿಯವರು ಕೊಟ್ಟ ಅವರಪ್ಪನ ವಂಶಾವಳಿ ಫೈಲಲ್ಲಿ ಇಲ್ವೇ ಇಲ್ಲ ಅಂತ ನಿನ್ನೆ ಅಳ್ತಿದ್ದೆ?"

"ಆ ಫೈಲಲ್ಲಿ ಒಬ್ಬೊಬ್ಬರದೂ ಒಂದೊಂದು ಟ್ಯಾಗು, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ; ಹೆಸರು ಹುಡುಕೋಕೆ ನಾನು ಬರೆದ ಸ್ಕ್ರಿಪ್ಟು ಅವರಪ್ಪನ ಟ್ಯಾಗಿಂದ ಒಂದೇ ಮೆಟ್ಟಿಲು ಇಳೀತಿತ್ತು. ಅಲ್ಲಿರೋದು ಗಂಡುಮಕ್ಕಳು, ಅಳಿಯಂದಿರು."

"ಮಗಳ ಬದಲು ಅಳಿಯನ ಹೆಸರು ಬರೆಯೋದೇ ಪದ್ಧತಿ ಅಲ್ವೇನೇ, ಪೆದ್ದಿ!"

"ಅದಕ್ಕೇ ತಳದವರೆಗೂ ಹುಡುಕಿಸಿದೆ. ಅಳಿಯ ಅಂದ್ರೆ ನಮ್ಮ ತಾತನ ಟ್ಯಾಗು, ಅದರೊಳಗೆ ಹೆಂಡತಿ, ಅದರೊಳಗೆ ಅಜ್ಜಿ ಹೆಸರು, ಬುನ್‌ಸಿಲ್! ಹೀಗೇ ಒಳಗೆ ಅಡಗಿರೋ ಇನ್ನೂ ನಾನೂರು ಹೆಂಗಸರಿದ್ದಾರೆ ಕಣೋ!"

"ಕುಲದ ಹಿರಿಯರು ಇದಕ್ಕೆ ಒಪ್ಪಿದ್ರಾ?"

"ಅವರು ನೋಡಿರೋದು ಮೇಲಿನ ಸಾಲು ಅಷ್ಟೇ. ನಡಿ, ಅಜ್ಜಿಗೆ ತೋರಿಸೋಣ!"

ಬಸ್ಸು ಬಂತು, ಇಬ್ಬರೂ ಹತ್ತಿದರು. ಹಿರಿಯರ ಕಣ್ಣಿಗೆ ಬೀಳದಿರಲೆಂದು ಆ ಹೆಸರುಗಳನ್ನು ಒಂದೊಂದಾಗಿ ಅಷ್ಟು ಒಳಗೆ ಟೈಪಿಸಿಟ್ಟಿದ್ದ ಮಾಲ್‌ಸುನ್ ಬಸ್ಸು ಹತ್ತುವುದನ್ನೇ ಮರೆತಳು.