ಅತಿಮಧುರದ ಶರಬತ್ತು

ಕೈರೋದ ಆಸ್ಪತ್ರೆಯೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಇಬ್ಬರು ಹೆಂಗಸರಿದ್ದರು. ಒಳಗೆ ಮಲಗಿದ್ದ ವಹ್ದಾನನಿಗೆ ಒಬ್ಬಳು ಹೆಂಡತಿ, ಇನ್ನೊಬ್ಬಳು ಅಕ್ಕ ಎಂಬುದು ಅವರ ಜಗಳದಿಂದಲೇ ತಿಳಿಯಿತು.

"ಬಿಪಿ ಇನ್ನೂರು ದಾಟಿದೆ. ಈಗ ಸಮಾಧಾನ ಆಯ್ತಾ ಅತ್ತಿಗೆ?" ಎಂದಳು ಹೆಂಡತಿ.

"ನನ್ನನ್ಯಾಕೆ ಕೇಳ್ತೀಯ ಶೌಕಿಯಾ? ಉಪ್ಪಿನಕಾಯಿ ಹಾಕೋಳು ನೀನು."

"ಅದನ್ನ ಬಿಟ್ಟು ವರ್ಷ ಆಯ್ತು. ದಿನಾ ಎರಡೆರಡು ಲೋಟ ಅತಿಮಧುರದ ಶರಬತ್ತು ಕುಡಿಸಿದ್ದು ನೀವು. ಅದರಿಂದಲೇ ಬಿಪಿ ಏರಿದ್ದು ಅಂದ್ರಲ್ಲ ಡಾಕ್ಟ್ರು!"

"ಬೇರು ಕಣೇ ಅದು, ವಿಷ ಅಲ್ಲ. ರಂಜಾನಿನಲ್ಲಿ ಊರೆಲ್ಲ ಕುಡಿಯುತ್ತೆ."

"ಊರು ಒಂದು ತಿಂಗಳು ಕುಡಿಯುತ್ತೆ. ನೀವು ಎಂಟು ತಿಂಗಳು ಕುಡಿಸಿದಿರಿ."

"ಎದೆ ಉರಿ ಅಂತ ನನ್ನ ಬಾಗಿಲಿಗೆ ಬರ್ತಿದ್ದ. ನಿನಗೆ ಹೇಳಿದ್ನಾ?"

"ಇಲ್ಲ."

"ಹೇಳೋ ಹಾಗೆ ನೀನು ಇದ್ರೆ ತಾನೇ?"

ನರ್ಸ್ ಬಾಗಿಲು ತೆರೆದು, "ಒಬ್ಬರು ಮಾತ್ರ ಒಳಗೆ ಬನ್ನಿ" ಎಂದಳು. ಇಬ್ಬರೂ ಎದ್ದರು. ಶೌಕಿಯಾ ಪಕ್ಕಕ್ಕೆ ಸರಿದಳು.

"ನೀವೇ ಹೋಗಿ. ಇನ್ನು ಶರಬತ್ತು ಕೊಡಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ. ನನ್ನ ಮಾತು ಅವರು ಯಾವತ್ತು ಕೇಳಿದ್ದಾರೆ?"

ಅಕ್ಕ ತಲೆವಸ್ತ್ರ ಸರಿಪಡಿಸಿಕೊಂಡು ಒಳಗೆ ಹೋದಳು. ಶೌಕಿಯಾ ಚೀಟಿ ಹಿಡಿದು ಔಷಧದಂಗಡಿಯತ್ತ ನಡೆದಳು.