ಕುಂಕುಮ ಇಟ್ಟ ಗೇರು

ಅರಸೀಕೆರೆ ಬಸ್ಸಿನಲ್ಲಿ ಹನುಮಮ್ಮನ ಮುಂದಿನ ಸೀಟಿನಲ್ಲಿ ಒಬ್ಬ ಅಪ್ಪ, ಅವನ ಮಗಳು ಕೂತಿದ್ದರು. ಅಪ್ಪನ ತೊಡೆಯ ಮೇಲೊಂದು ಗೋಣಿಚೀಲ, ಅದರಲ್ಲಿ ಜೀಪಿನ ಹೊಸ ಗೇರು.

"ಹಳೇ ಜೀಪಿಗೆ ಇಷ್ಟು ದಪ್ಪ ಹಲ್ಲಿನ ಗೇರ್ ಯಾಕವ್ವ? ಅರಸೀಕೆರೆ ಅಂಗಡಿಗೆ ವಾಪಸ್ ಕೊಟ್ಟು ಸ್ಪೀಡಿಂದು ತರಾಣ. ಟಾರ್ ರೋಡಲ್ಲಿ ಹಾರ್ಕೊಂಡ್ ಹೋಗ್ತೈತೆ."

"ನಮ್ ಗದ್ದೆ ದಾರೀಲಿ ಟಾರ್ ಎಲ್ಲಪ್ಪ ಐತೆ? ಹೋದ ಸಲ ಕೆಸರಲ್ಲಿ ಹಲ್ಲು ಮುರಿದಿದ್ದು ಅಂಥದ್ದೇ. ಇದು ನಿಧಾನ, ಆದ್ರೆ ಬಾಳಿಕೆ ಬರುತ್ತೆ."

"ನಿಧಾನಕ್ಕಾದ್ರೆ ಎತ್ತಿನ ಗಾಡಿ ಸಾಕಿತ್ತು."

"ಜೀಪ್ ಕೆಟ್ಟಾಗೆಲ್ಲ ಹಾಲಿನ ಕ್ಯಾನ್ ಹೊರೋಳು ನಾನು ಕಣಪ್ಪ."

ಅಪ್ಪ ಚೀಲದ ಬಾಯಿ ಬಿಚ್ಚಿದ.

"ಇದೇನವ್ವ, ಅರಿಶಿನ ಕುಂಕುಮ?"

"ಬೆಳಿಗ್ಗೆ ಪೂಜೆ ಮಾಡಿದೆ."

"ಪೂಜೆ ಮಾಡಿದ್ದನ್ನ ಹೆಂಗೆ ವಾಪಸ್ ಕೊಡೋದು?"

"ಅದಕ್ಕೇ ಮಾಡಿದ್ದು."

ಗಂಡಸಿಯಲ್ಲಿ ಬಸ್ಸು ನಿಂತಿತು. ಅಪ್ಪ ನಗು ತಡೆದುಕೊಂಡು ಚೀಲವನ್ನು ಹೆಗಲಿಗೇರಿಸಿದ.

"ಇಳಿ, ಅರಸೀಕೆರೆ ಬ್ಯಾಡ, ಮನೆಗೋಗಾಣ. ಇದನ್ನೇ ಹಾಕ್ಸಾಣ. ಮೆಕ್ಯಾನಿಕ್ಕಿಗೆ ಫೋನ್ ಮಾಡು."

ದಾಟಿ ಹೋಗುವಾಗ ಚೀಲ ಹನುಮಮ್ಮನ ತೋಳಿಗೆ ತಾಗಿತು. ಅವಳು ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು.